ಮೂರನೇ ಚೌಕ

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹಿಂದೆ, ಹೊಗೆ ಕಟ್ಟಿದ ಕೋಣೆಯಲ್ಲಿ
ಒಂದು ಮೇಜು, ಒಂದು ಮೊಬೈಲು, ನಾನು.
ಪರದೆಯ ಮೇಲೆ ಒಂದು ಕಾಳಿನ ಚಿತ್ರ,
ಕೆಳಗೆ ಎರಡು ಚೌಕ:
ಅರಳಿದೆ. ಅರಳಿಲ್ಲ.
ಒಂದು ಒತ್ತಿದರೆ ಇಪ್ಪತ್ತು ಪೈಸೆ.
ಹೀಗೆ ದಿನಕ್ಕೆ ಎರಡು ಸಾವಿರ ಕಾಳು
ಯಂತ್ರಕ್ಕೆ ಬುದ್ಧಿ ಹೇಳುತ್ತೇನೆ,
ಪಿಯುಸಿಯಲ್ಲಿ ಲೆಕ್ಕಕ್ಕೆ ಫೇಲಾದವಳು.

ಗೋಡೆಯಾಚೆ ಪ್ಯಾರೀಜಾನ್ ಖಾಲಾ.
ಬಾಂಡ್ಲಿಯ ಉಸುಕು ಪಿಸುಗುಟ್ಟುವುದನ್ನು ಕೇಳಿ
ಅಕ್ಕಿ ಸುರಿಯುತ್ತಾಳೆ,
ಚಟಪಟ ಮುಗಿಯುವ ಮುಂಚೆ ಜರಡಿಗೆ ಎತ್ತುತ್ತಾಳೆ.
ಗಡಿಯಾರ ನೋಡಿದ್ದು ನಾನು ಕಂಡಿಲ್ಲ.
"ಹೆಂಗ ಗೊತ್ತಾಕತಿ ಖಾಲಾ?"
"ಗೊತ್ತಾಕತಿ. ಹೆಂಗ ಅಂದ್ರ ಗೊತ್ತಿಲ್ಲ."

ಕ್ಯಾಮೆರಾ ಪೆಟ್ಟಿಗೆ ತಂದ ಬಕ್ಕೇಶನನ್ನೂ ಕೇಳಿದೆ,
"ಇದಕ್ಕ ಹೆಂಗ ಗೊತ್ತಾಕತಿ?"
ಅವನು ತಲೆ ಕೆರೆದುಕೊಂಡ.
"ಒಳಗ ಏನೋ ಲೆಕ್ಕ ಆಕತಿ.
ಪೂರ್ತಿ ನಮಗೂ ಗೊತ್ತಿಲ್ಲ."
ಎರಡು ಉತ್ತರವೂ ಒಂದೇ ಚೀಲದವು.
ರಾತ್ರಿ ಚಾಪೆಯ ಮೇಲೆ ಒಬ್ಬಳೇ ನಕ್ಕೆ.

ಶುಕ್ರವಾರ, ಭಟ್ಟಿ ಆರಿಸಿದ ಹೊತ್ತು,
ನೂರು ಚಿತ್ರಗಳ ಪಂದ್ಯ.
ಯಂತ್ರಕ್ಕೆ ತೊಂಬತ್ತಾರು,
ಖಾಲಾಗೆ ಎಂಬತ್ತೊಂಬತ್ತು.
ದಾದಾಪೀರ್ ಸಾಹುಕಾರರು ಪೆಟ್ಟಿಗೆಯ ಬೆನ್ನು ತಟ್ಟಿದರು,
ಹೋರಿಯ ಬೆನ್ನು ತಟ್ಟಿದ ಹಾಗೆ.
ಖಾಲಾ ಗಾಜಿನ ಮೇಲೆ ಬೆರಳಾಡಿಸಿ
"ವಾಸನಿ ಇಲ್ಲ, ಹಲ್ಲಿಗೆ ಸಿಗಂಗಿಲ್ಲ.
ಇದನ್ನ ಮಂಡಕ್ಕಿ ಅಂತ ಹೆಂಗ ಅನ್ನಲಿ?" ಅಂದಳು.
ಸೋತವರು ಆಡುವ ಮಾತು, ಅಂದುಕೊಂಡೆ.

ಆಮೇಲೆ ಎದೆ ಧಸಕ್ಕೆಂದಿತು:
ಆ ನೂರಕ್ಕೆ ಸರಿಯುತ್ತರ ಬರೆದವಳು ನಾನು.
ಮಧ್ಯಾಹ್ನದ ಜೊಂಪಿನಲ್ಲಿ, ಮೆಣಸಿನಕಾಯಿ ಕಚ್ಚುತ್ತ,
ಸುಮ್ಮನೆ ಒತ್ತಿದ್ದೂ ಉಂಟು.
ಅದು ಕಲಿತದ್ದು ಕಾಳನ್ನೋ
ನನ್ನ ಜೊಂಪನ್ನೋ?
ನನಗೆ ಕಾಳು ಹಿಡಿದು ಕಲಿಸಿದವಳು
ನನ್ನ ಪರೀಕ್ಷೆಯಲ್ಲಿ ಹನ್ನೊಂದು ತಪ್ಪಿದಳು.

ಆ ಹನ್ನೊಂದರ ಚಿಂತೆಯಲ್ಲಿ ಅವಳಿಗೆ ನಿದ್ದೆ ಇಲ್ಲ.
ಬೆಳಗಿನ ಜಾವ ಎದ್ದು, ಒಂದೊಂದು ಕಾಳು
ಬೆಳಕಿಗೆ ಹಿಡಿದು ನೋಡುತ್ತಿದ್ದಳು.
ಯಂತ್ರ ನಾಲ್ಕು ತಪ್ಪಿತ್ತು. ಅದಕ್ಕೆಲ್ಲಿಯ ಜಾವ?
ಸಿಕ್ಕಿತು ವ್ಯತ್ಯಾಸ ಅಂತ ಹಿಗ್ಗಿದೆ.
ಅಷ್ಟರಲ್ಲಿ ನೆನಪಾದ ನಮ್ಮ ಭಾವ:
ಮೂರು ಅಂಗಡಿ ಮುಳುಗಿಸಿ
ನೆಮ್ಮದಿಯಾಗಿ ಗೊರಕೆ ಹೊಡೆಯುವವನು.
ಅವನಿಗೆ ಬುದ್ಧಿಯಿಲ್ಲವೆಂದು ಬರೆದುಕೊಡಲು
ಅಕ್ಕ ತಯಾರು. ನಾನಲ್ಲ.

ಕೊನೆಗೆ ಮೊಬೈಲನ್ನೇ ಕೇಳಿದೆ,
"ನಿನಗೆ ನಿಜವಾಗಿ ಬುದ್ಧಿ ಐತಾ?"
"ಬಹಳ ಒಳ್ಳೆಯ ಪ್ರಶ್ನೆ" ಅಂದಿತು.
ಆಚೆ ಈಚೆ ತೂಗಿ, ತಕ್ಕಡಿ ನೆಟ್ಟಗೆ ನಿಲ್ಲಿಸಿ
ಇನ್ನೇನಾದರೂ ಬೇಕೇ ಎಂದು ವಿಚಾರಿಸಿತು.
ಇನ್ಸ್‌ಪೆಕ್ಟರು ಶಾಲೆಗೆ ಬಂದ ದಿನ
ಎದ್ದು ನಿಂತ ನಾನೂ ಹೀಗೇ ಇದ್ದೆ,
ಇಷ್ಟು ಸಲೀಸಾಗಿ ಅಲ್ಲ.

ಇವತ್ತು ಜರಡಿಯಲ್ಲೊಂದು ಕಾಳು ಉಳಿಯಿತು.
ಒಂದು ಮಗ್ಗುಲು ಬಿಳಿ ಹೂವು,
ಇನ್ನೊಂದು ಮಗ್ಗುಲು ಕಲ್ಲು.
ಚಿತ್ರ ತೆಗೆದೆ. ಅರಳಿದೆ, ಅರಳಿಲ್ಲ,
ಬೆರಳು ಎರಡರ ನಡುವೆ ಅಲೆಯಿತು.
ಇಪ್ಪತ್ತು ಪೈಸೆ ಹೋದರೆ ಹೋಗಲಿ,
"ಬಕ್ಕೇಶಣ್ಣ, ಮೂರನೇ ಚೌಕ ಒಂದು ಹಾಕಿಕೊಡು."
"ಹಾಕ್ತೀನಿ. ಅದರಾಗ ಏನಂತ ಬರೀಲಿ?"

ಅಷ್ಟರಲ್ಲಿ ಖಾಲಾ ಆ ಕಾಳನ್ನು
ನನ್ನ ಬಾಯಿಗೆ ಹಾಕಿಬಿಟ್ಟಿದ್ದಳು.
ಉಪ್ಪಿತ್ತು, ಬಿಸಿಯಿತ್ತು,
ಹಲ್ಲಿಗೆ ಇನ್ನೂ ಒಡೆದಿರಲಿಲ್ಲ.