ಮಾಡದ ಅಳತೆ

ಶಹಾಪುರದ ಓಣಿಯೊಳಗ ನಮ್ಮದು ಎರಡು ಖೋಲಿ ಮನಿ.
ಒಂದರಾಗ ಒಲಿ, ಇನ್ನೊಂದರಾಗ ಉಳಿದದ್ದೆಲ್ಲಾ.
ಟೇಬಲ್ ಇಡಾಕ ಜಾಗಿಲ್ಲ. ಗೋಡಿಯೊಳಗ ಒಂದು ಮಾಡ ಐತಿ:
ನಮ್ಮಜ್ಜ ಮಗ್ಗದ ಲೆಕ್ಕದ ವಹಿ ಇಡತಿದ್ದ,
ಆಮ್ಯಾಲ ರೇಡಿಯೋ, ಆಮ್ಯಾಲ ಔಷಧದ ಬಾಟಲಿ.
"ಪಪ್ಪಾ, ಇದರಾಗ ಕೂಡೂವಂಥಾ ಕಂಪ್ಯೂಟರ್ ಕಟ್ಟತೇನಿ"
ಅಂದ್ಲು ಪ್ರಾಜಕ್ತಾ. ಆಟಕ್ಕ. ಬರೇ ಆಟಕ್ಕ.
ಅಭ್ಯಾಸಕ್ಕ ಅಂತ ಸುಳ್ಳು ಹೇಳಲಿಲ್ಲ.
ಅದಕ್ಕ ನಾನೂ ಬ್ಯಾಡ ಅನ್ನಲಿಲ್ಲ.

ಖಡೇಬಜಾರದ ಮೊಬೈಲ್ ಅಂಗಡಿಯೊಳಗ
ಮಂದಿ ಒಡಕೊಂಡ ಗಾಜು ಬದಲಿಸಿ ಗಳಿಸಿದ ರೊಕ್ಕ.
ಹಾಲಿನ ಲೆಕ್ಕದ ವಹಿ, ಹಿಂದಿನ ಹಾಳಿ,
ಒಂದು ಹೆಸರು, ಕಾಟು; ಮತ್ತೊಂದು ಹೆಸರು, ಮತ್ತೂ ಕಾಟು.
ಈ ಪ್ರೊಸೆಸರ್ ಬೇಕಂದ್ರ ಆ ಸಾಕೆಟ್ಟಿನ ಬೋರ್ಡೇ ಬೇಕು,
ಬೋರ್ಡು ಒಂದು ಗೇಣಿನ ಒಳಗಿಂದು,
ಅದರ ಮ್ಯಾಲ ಮೆಮೊರಿಗೆ ಎರಡೇ ಸೀಳು,
ಮೆಮೊರಿ ಎತ್ತರಾದ್ರ ಕೂಲರ್ ಕೂಡೂದಿಲ್ಲ,
ಕೂಲರ್ ಗಿಡ್ಡಾದ್ರ ಪ್ರೊಸೆಸರ್ ಕಾಯತೈತಿ,
ಪ್ರೊಸೆಸರ್ ಸಣ್ಣದಾದ್ರ
ಕಾರ್ಡು ಸುಮ್ನ ಕುಂತು ದಾರಿ ಕಾಯತೈತಿ.
"ಒಂದು ಎಳಿ ಜಗ್ಗಿದ್ರ ಇಡೀ ಸೆರಗು ಬಿಚ್ಚತೈತಿ"
ಅಂದ್ಲು ಅವರವ್ವ, ಒಲಿ ಮುಂದಿಂದ,
ಏನೂ ತಿಳೀದ, ಎಲ್ಲಾ ತಿಳದಂಗ.

ನಾನು ಉದ್ಯಮಬಾಗದಾಗ ಲೇಥ್ ಮುಂದ
ಇಪ್ಪತ್ತಾರು ವರ್ಷ ನಿಂತಾಂವ.
ಪಂಪಿನ ಹೊಟ್ಟಿಯೊಳಗ ಕೂದಲಿಗಿಂತ ಸಣ್ಣ ಸಂದು ಬಿಡೂದು ನನ್ನ ಕೆಲಸ.
ಬಿಗಿ ಆದ್ರ ಹಿಡಕೋತೈತಿ, ಸಡ್ಲಾದ್ರ ಎಣ್ಣಿ ಸೋರತೈತಿ.
ಒಂದಿನ ರಾತ್ರಿ ಉದ್ದನ್ನ ವರ್ನಿಯರ್ ಕೇಳಿ ತಂದು ಮಾಡ ಅಳದೆ.
ಒಳಗ ಮುನ್ನೂರಾ ಎರಡು,
ಬಾಯಿ ಮಾತ್ರ ಇನ್ನೂರಾ ಎಂಬತ್ತಾರು.
ಕಟ್ಟಿದಾಂವ ಕಣ್ಣಳತಿಯಾಂವ, ಪುಣ್ಯಾತ್ಮ.

ಮೂರು ಫ್ಯಾನಿನ ಕಾರ್ಡು ಅಕಿ ಆಸೆ ಆಗಿತ್ತು.
ಅದು ಹಿಡಿಯೂ ಪೆಟಿಗಿ ಈ ಬಾಯಾಗ ಹೋಗೂದಿಲ್ಲ.
ಪೆನ್ನು ಹಾಳಿ ಮ್ಯಾಲ ನಿಂತಿತು, ಭಾಳ ಹೊತ್ತು.
"ಗೋಡಿ ಎರಡು ಬಟ್ಟು ಕೆತ್ತಲೇನ?" ಅಂದೆ,
ಉಳಿ ಆಗಲೇ ಕೈಯಾಗಿತ್ತು.
"ಬ್ಯಾಡ. ಹೆಂಗೂ ಸುತ್ತ ಗಾಳಿಗೆ ಜಾಗ ಬೇಕು.
ನೀವ ಅಂತಿರಲ್ಲ, ಸಂದು" ಅಂದು
ಎರಡು ಫ್ಯಾನಿಂದು ಬರಕೊಂಡ್ಲು.

ಡಿಪ್ಲೊಮಾ ನಡಕ ಬಿಟ್ಟು ಬಂದಾಗ
ಮೂರು ತಿಂಗಳು ಅಕಿ ಕೂಡ ಮಾತಾಡಿರಲಿಲ್ಲ ನಾನು.
ಆ ಮಾತು ನಾನೂ ತಗೀಲಿಲ್ಲ, ಅಕಿನೂ ತಗೀಲಿಲ್ಲ.

ದೀಪಾವಳಿ ದಾಟಿ ಒಂದು ಐತವಾರ
ಚಾದರ ಹಾಸಿ ಎಲ್ಲಾ ಹರವಿದ್ಲು.
ನಾ ಚಹಾ ಕುಡಕೋತ ಬಾಜೂಕ ಕುಂತಿದ್ದೆ,
ಸ್ಕ್ರೂ ಒಂದು ಕಿರ್ ಅಂತು. ಕಿವಿಗೆ ಗೊತ್ತಾತು.
"ನಿಲ್ಲs! ಅದು ಇಂಚಿನ ಸುತ್ತು, ತೂತು ಮಿಲಿಮೀಟರಿಂದು."
ಡಬ್ಬಿಯೊಳಗ ಎರಡೂ ಜಾತಿ ಕೂಡೇ ಇದ್ದುವು,
ನೋಡಾಕ ಅಣ್ಣತಮ್ಮ, ಕೂಡಿಸಿದ್ರ ಜಗಳ.
ತಾಟಿನೊಳಗ ಸುರುವಿ ಇಬ್ಬರೂ ಆರಿಸಿದ್ವಿ,
ಅಕ್ಕಿಯೊಳಗ ಹರಳು ಆರಿಸಿದಂಗ.

ಗುಂಡಿ ಒತ್ತಿದ್ಲು. ಫ್ಯಾನ್ ತಿರಗಿತು.
ಪರದೆ ಕರ್ರಗ.
ನನಗ ಎದಿ ಧಸಕ್ ಅಂತು, ಅಕಿ ನಕ್ಕಳು:
ವಾಯರ್ ಕಾರ್ಡಿಗೆ ಚುಚ್ಚೂ ಬದ್ಲಿ ಬೋರ್ಡಿಗೆ ಚುಚ್ಚಿದ್ಲಂತ.

ಆಮ್ಯಾಲ ಹಿಮದ ಗುಡ್ಡ, ಒಂದು ಲಾರಿ.
ನನ್ನ ಕೈಗೂ ಕೊಟ್ಲು. ಮೊದಲನೇ ತಿರುವಿನಾಗ
ಲಾರಿ ಸೈತ ಕಂದಕಕ್ಕ ಬಿದ್ದೆ.
"ಮತ್ತ ಹೊಡೀರಿ," ಅಂದ್ಲು, "ಸಾಯೂದಿಲ್ಲ ಇದರಾಗ ಯಾರೂ."
ಮಾಡದ ಬಾಯಿಂದ ಬೆಚ್ಚನ್ನ ಗಾಳಿ ಮೊಣಕೈಗೆ ಬಡೀತಿತ್ತು.

ಸೋಮವಾರ ಪಾಳಿಯೊಳಗ ಕಿಸೆಗೆ ಕೈ ಹಾಕಿದ್ರ
ಇಂಚಿಂದು ಒಂದು ಸ್ಕ್ರೂ ಉಳಿದಿತ್ತು.
ನಮ್ಮಲ್ಲಿ ಯಾ ತೂತಿಗೂ ಕೂಡೂದಿಲ್ಲ ಅದು.
ಒಗೀಬೇಕಂತ ತಗದೆ.
ಹೊಳ್ಳಿ ಕಿಸೆಗೇ ಹಾಕ್ಕೊಂಡು ಮಶೀನ್ ಚಾಲೂ ಮಾಡಿದೆ.