ಷರಾ

ಲಗ್ಗೆರೆಯ ರಾಜ್ಯೋತ್ಸವ ಮುಗಿದು
ಪೆಂಡಾಲಿನವರು ಗಳ ಬಿಚ್ಚುತ್ತಿದ್ದಾರೆ.
ನಾನು ಸ್ಪೀಕರ್ ಡಬ್ಬದ ಮೇಲೆ ಕೂತು
ಫಾರಂ ತುಂಬುತ್ತಿದ್ದೇನೆ, ರಾತ್ರಿ ಒಂದೂಕಾಲು.

ಹಾಡು. ಬರೆದವರು. ರಾಗ ಹಾಕಿದವರು. ಹಕ್ಕುದಾರರು.
ಇಪ್ಪತ್ತೆರಡು ಹಾಡಿಗೆ ಇಪ್ಪತ್ತೆರಡು ಸಾಲು,
ಒನ್ಸ್ ಮೋರ್ ಬಂದದ್ದನ್ನು ಎರಡು ಸಲ ಬರೆಯಬೇಕೋ ಏನೋ.

ಸಂಘದ ಅಧ್ಯಕ್ಷ ಮುನಿಹನುಮಯ್ಯ ಸಂಜೆಯೇ ರೇಗಿದ್ದ:
‘ಕುರ್ಚಿಗೆ ಬಾಡಿಗೆ ಕೊಟ್ಟೆ, ಜನರೇಟರಿಗೆ ಕೊಟ್ಟೆ,
ಹಾಡಿಗೂ ಬಾಡಿಗೆನಾ ಮೇಡಂ?
ಹಾಡಿದ್ರೆ ಅದೇನು ಸವೆಯುತ್ತಾ?’

ಸವೆಯುವುದಿಲ್ಲ, ನಿಜ. ಆದರೆ
ಬರೆದವನ ಚಪ್ಪಲಿ ಸವೆದಿರುತ್ತದಲ್ಲ
ಗಾಂಧಿನಗರದ ಆಫೀಸು ಮೆಟ್ಟಿಲಲ್ಲಿ,
ಅಂತ ನಾನೂ ಬಾಯಿ ಮಾಡಿ
ಲೈಸೆನ್ಸಿನ ದುಡ್ಡು ಕೀಳಿಸಿಕೊಂಡಿದ್ದೆ.
ಮೂವತ್ತು ವರ್ಷ ಬೇರೆಯವರ ಹಾಡು
ಪುಕ್ಕಟೆ ಹಾಡಿ ಬದುಕಿದ ಗಂಟಲು ನನ್ನದು;
ಈಗೀಗ ನ್ಯಾಯ ಮಾತಾಡುತ್ತದೆ.

ಹದಿನಾಲ್ಕನೇ ಸಾಲಿಗೆ ಪೆನ್ನು ನಿಂತಿತು.

ಆ ಹಾಡು ನಿಮಗೂ ಗೊತ್ತು. ಪಲ್ಲವಿ ಮರೆತರೂ
ಚರಣಕ್ಕೆ ಮುಂಚೆ ಬರುವ ಕ್ಲಾರಿನೆಟ್ಟನ್ನು ಮರೆತಿರಲಾರಿರಿ,
ಸಿಗ್ನಲ್ಲಿನಲ್ಲಿ ಆಟೋದವರು ಶಿಳ್ಳೆ ಹಾಕುವುದು ಅದನ್ನೇ.
ರೆಕಾರ್ಡಿನಲ್ಲಿ ಅದನ್ನು ಊದಿದ ಅರುಳಪ್ಪನವರು
ಅಗೋ, ಆ ಟೆಂಪೋದೊಳಗೆ, ಮಫ್ಲರು ಸುತ್ತಿಕೊಂಡು
ತಣ್ಣಗಾದ ಪಲಾವು ತಿನ್ನುತ್ತಿದ್ದಾರೆ.
ಅವತ್ತು ಅವರಿಗೆ ಸಿಕ್ಕಿದ್ದು ನೂರೈವತ್ತು, ಒಂದು ಕಾಫಿ.

‘ಮೇಲಿನ ನಿ ಜಾರಿತ್ತು ಕಣಮ್ಮ,’ ಅಂದಿದ್ದರು ಒಮ್ಮೆ,
‘ರೀಡು ಒದ್ದೆಯಾಗಿತ್ತು. ಇನ್ನೊಂದು ಟೇಕ್ ಅನ್ನೋಷ್ಟರಲ್ಲಿ
ಸ್ಟುಡಿಯೋದ ಗಂಟೆ ಮುಗಿದಿತ್ತು. ತಪ್ಪು ಹಾಗೇ ಉಳೀತು.’

ಉಳಿದೇ ಉಳಿಯಿತು.
ದಿಬ್ಬಣದ ಬ್ಯಾಂಡಿನವರು, ಇಂದಿರಾನಗರದ
ಪಬ್ಬಿನ ಗಿಟಾರು ಹುಡುಗರು, ಎಲ್ಲರೂ
ಆ ತಪ್ಪನ್ನು ತಪ್ಪದೆ ಕಲಿಯುತ್ತಾರೆ.
ನಮ್ಮ ಕೀಬೋರ್ಡಿನವನು ಸ್ವಲ್ಪ ಓದಿದವನು;
ಹೋದ ವರ್ಷ ಪೀಣ್ಯದಲ್ಲಿ ಸ್ವರ ತಿದ್ದಿ ನುಡಿಸಿದ್ದಕ್ಕೆ
ಮುಂದಿನ ಸಾಲಿನಿಂದ ಕೂಗಿದರು:
‘ಏಯ್, ತಪ್ಪು ಬಾರಿಸ್ಬೇಡ!’

ಬರೆದವರ ಹೆಸರು ಹಾಕಿದೆ. ರಾಗದವರದ್ದು ಹಾಕಿದೆ.
ಹಕ್ಕುದಾರರು: ಕಂಪನಿ. ಅದನ್ನು ಕೊಂಡ ಕಂಪನಿ.
ಅದನ್ನೂ ಕೊಂಡ, ಮುಂಬಯಿಯ ಇನ್ನೊಂದು.
ಜಾರಿದ ಸ್ವರಕ್ಕೆ ಕಾಲಮ್ಮಿಲ್ಲ.
ಅಂಚಿನಲ್ಲಿ ಬೆರಳಗಲ ಜಾಗವಿತ್ತು: ಷರಾ.
ಬರೆದೆ. ಹೊಡೆದುಹಾಕಿದೆ. ಮತ್ತೆ ಬರೆದೆ.

ಅರುಳಪ್ಪನವರು ಕೈ ತೊಳೆದು ಬಂದು ಇಣುಕಿದರು:
‘ಏನಮ್ಮ ಅಷ್ಟು ಹೊತ್ತು?’
‘ನಿಮ್ಮ ತಪ್ಪಿನ ಲೆಕ್ಕ.’
‘ಅಯ್ಯೋ, ಅದೆಲ್ಲ ಹಾಕ್ಬೇಡ ತಾಯಿ,’
ಒದ್ದೆ ಕೈಯನ್ನು ಮಫ್ಲರಿಗೆ ಒರೆಸಿಕೊಂಡರು,
‘ಬಾಟಾದಲ್ಲಿ ಹಿಡ್ಕೊಂಡ್ರೆ?’