ಎರಡು ಕಡ್ಡಿ

ರಾತ್ರಿ ಊಟದ ಮೇಜಿನ ಮೇಲೆ
ಮರಳುಕಾಗದ ಕತ್ತರಿಸುತ್ತೇನೆ.
ಅಪ್ಪನ ಹತಾರದ ಡಬ್ಬಿಯಲ್ಲಿ ಉಳಿದದ್ದು.
ಕತ್ತರಿಯ ಬಾಯಿ ಮೊಂಡಾಯಿತೆಂದು ಅವನ ಗೊಣಗು.
ಇವತ್ತು ಎರಡು ಕಡ್ಡಿ, ಅಷ್ಟೇ:
ಒಂದರ ಪಕ್ಕ ಒಂದು, ನೆಟ್ಟಗೆ,
ಬಸ್ಸಿಗೆ ಕಾಯುತ್ತ
ಪರಿಚಯವಿದ್ದೂ ಮಾತಾಡದ ಇಬ್ಬರ ಹಾಗೆ.

ಅಂಟಿದ್ದು ಸರಿಯಾಗಿದೆಯೇ ನೋಡೆಂದು ಅಪ್ಪನಿಗೆ ಕೊಡುತ್ತೇನೆ.
ಮೂವತ್ತೊಂದು ವರ್ಷ ಬೆಟ್ಟದ ಹೊಟ್ಟೆಯೊಳಗೆ
ಕಲ್ಲು ಕೊರೆಯುವ ಯಂತ್ರ ಹಿಡಿದವನು.
ಅದರ ನಡುಕ ಬೆರಳ ತುದಿಗಳನ್ನು ತಿಂದುಹಾಕಿದೆ;
ಚಳಿ ಬಿತ್ತೆಂದರೆ ಬೆಳ್ಳಗೆ, ಮೇಣದಬತ್ತಿಗಳು.
ಅದಕ್ಕೇ ಬೆರಳಿಂದ ಮುಟ್ಟುವುದಿಲ್ಲ,
ಕೂಸಿನ ಹಾಲಿನ ಬಿಸಿ ನೋಡುವಂತೆ
ಮಣಿಕಟ್ಟಿನ ಒಳಮೈಗೆ ಒತ್ತಿಕೊಂಡು
‘ಎಡಗಡೆಯದು ಎದ್ದಿದೆ’ ಅನ್ನುತ್ತಾನೆ.
ಎದ್ದಿರುತ್ತದೆ.

ಬೆಳಿಗ್ಗೆ ಕಿಟಕಿಯಾಚೆ ಸ್ಲೇಟುಕಲ್ಲಿನ ಕಸದ ಗುಡ್ಡ,
ಅದರ ಬುಡಕ್ಕೇ ನಮ್ಮ ಶಾಲೆಯ ಗೋಡೆ.
ಚಾಪೆಯ ಮೇಲೆ ಎಂಟು ಮಕ್ಕಳು.
ಮೊದಲು ಕೈ ತೊಳೆಯಬೇಕು, ಬೆಚ್ಚಗಿನ ನೀರಲ್ಲಿ:
ತಣ್ಣಗಿನ ಬೆರಳು ಓದುವುದಿಲ್ಲ.
ಎರಡು ಬೆರಳು ಜೋಡಿಸಿ ಮೇಲಿಂದ ಕೆಳಕ್ಕೆ,
ಮತ್ತೆ ಮೇಲಿಂದ ಕೆಳಕ್ಕೆ.
ನಾಲಿಗೆಯ ತುದಿ ಮೇಲುಹಲ್ಲಿನ ಹಿಂದೆ ನಿಂತಿರಲಿ,
ಉಸಿರು ಮಾತ್ರ ಕೆನ್ನೆಯ ಪಕ್ಕದಿಂದ ನುಸುಳಲಿ.
ಲ ಅಲ್ಲ, ಹ ಅಲ್ಲ, ಶ ಅಂತೂ ಅಲ್ಲವೇ ಅಲ್ಲ.
ಸಿಟ್ಟಿಗೆದ್ದ ಬಾತು, ಆದರೆ ಸ್ವಲ್ಪವೇ ಸಿಟ್ಟು.

ನಮ್ಮ ವೆಲ್ಷ್ ಮಾತಿನಲ್ಲಿ ಕೈ ಶುರುವಾಗುವುದು ಇದರಿಂದಲೇ,
ಹಾಲು, ಚಮಚ, ಈ ಬೆಟ್ಟದ ಕಲ್ಲು,
ಕೊನೆಗೆ ‘ಅಕ್ಷರ’ ಎಂಬ ಪದವೂ.
ಇದು ಬಾರದವನು
ಹಸಿದರೆ ಹಾಲು ಕೇಳುವುದು ಹೇಗೆ?

ಮಾಬ್ಲಿ ಕಣ್ಣು ಮುಚ್ಚಿ ತಿದ್ದುತ್ತಾಳೆ, ಬಾಯಿ ತೆರೆದೇ ಇರುತ್ತದೆ.
ಟೆಗಿಡ್ ನಡುವೆ ನಿಲ್ಲಿಸಿ ಕೇಳುತ್ತಾನೆ:
‘ಮಿಸ್, ಸದ್ದು ಮಾಡುವುದು ಎರಡರಲ್ಲಿ ಯಾವುದು?’
ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಯೋಚಿಸಿ ಹೇಳುತ್ತೇನೆ ಅಂದೆ.
ಇನ್ನೂ ಯೋಚಿಸುತ್ತಿದ್ದೇನೆ.

ತಿದ್ದುವುದೆಂದರೆ ತಪ್ಪು ಹಿಡಿಯುವುದೆಂದು
ನನ್ನನ್ನು ತಿದ್ದಿದವರು ತಿಳಿದಿದ್ದರು, ಅವರದು ಕೆಂಪು ಶಾಯಿ.
ನನಗೆ ತಿಳಿದ ಮಟ್ಟಿಗೆ ಅದು
ಮುಂಚೆ ಹೋದ ಬೆರಳ ದಾರಿಯಲ್ಲೇ ಮತ್ತೆ ಹೋಗುವುದು,
ಸವೆಯುವವರೆಗೆ.
ಬೆರಳೋ, ಮರಳೋ.

ಮಾರನೆಯ ದಿನ ಕೋಟು ಬಿಚ್ಚುವ ಮೊದಲೇ ಟೆಗಿಡ್‌ನ ವರದಿ:
ರಾತ್ರಿ ಅಮ್ಮನ ಬೆನ್ನ ಮೇಲೆ ಬರೆದನಂತೆ ಎರಡು ಕಡ್ಡಿ.
‘ಹನ್ನೊಂದು’ ಅಂದಳಂತೆ ಕೊಲೆಟ್.
ಅಲ್ಲ ಅಮ್ಮಾ. ಮತ್ತೆ ಬರೆದ.
‘ರೈಲುಹಳಿ?’
ಲಿವರ್‌ಪೂಲಿನಿಂದ ಮದುವೆಯಾಗಿ ಬಂದು ಆರು ವರ್ಷ.
ಅವಳ ಬೀದಿಯ ಹೆಸರಲ್ಲೇ ಇವೆ ಆ ಎರಡು ಕಡ್ಡಿ;
ಟ್ಯಾಕ್ಸಿಯವನಿಗೆ ಹೇಳಲಾರದೆ
‘ಚರ್ಚು ಕಳೆದು, ಎಡಕ್ಕೆ’ ಎಂದು ಕೈ ತೋರಿಸುತ್ತಾಳೆ.
ಅಂಗಡಿಗೆ ಕಾಲಿಟ್ಟೊಡನೆ ಒಳಗಿನ ಮಾತೆಲ್ಲ
ಇಂಗ್ಲಿಷಿಗೆ ಹೊರಳಿಕೊಳ್ಳುವುದು ಅವಳಿಗೆ ಕೇಳಿಸುತ್ತದೆ.

ಕೂರಿಸಿ, ದವಡೆ ಹಿಡಿದು,
ನಾಲಿಗೆ ಎಲ್ಲಿಡಬೇಕೆಂದು ಬಾಯೊಳಗೆ
ಬೆರಳು ಹಾಕಿಯೇ ತೋರಿಸಿದನಂತೆ.
‘ಕೈ ತೊಳೆದಿದ್ದೆಯೇನೋ?’
‘ಬೆಚ್ಚಗಿನ ನೀರಲ್ಲೇ, ಮಿಸ್.’
‘ಬಂತಾ ಅಮ್ಮನಿಗೆ?’
‘ಉಗುಳು ಬಂತು.’
ಕೆನ್ನೆಯನ್ನು ಇನ್ನೊಮ್ಮೆ ಒರೆಸಿಕೊಂಡ.
‘ಅದರ ಹಿಂದೆ ಅದೂ ಬಂತು, ಇಷ್ಟೇ ಇಷ್ಟು.’

ಸಂಜೆ ಗೇಟಿನ ಬಳಿ, ಬೇರೆ ತಾಯಂದಿರಿಂದ ತುಸು ದೂರ,
ಕೊಲೆಟ್ ನಿಂತಿದ್ದಳು. ನನಗೆ ಏನೂ ಹೇಳಲಿಲ್ಲ.
ಜೇಬಿನೊಳಗೆ ಅವಳ ಕೈ.
ಕೋಟಿನ ಬಟ್ಟೆ ಅಲುಗುತ್ತಿತ್ತು,
ಮೇಲಿಂದ ಕೆಳಕ್ಕೆ,
ಮತ್ತೆ ಮೇಲಿಂದ ಕೆಳಕ್ಕೆ.